ಅಂಗಾಲು ಉರಿ, ಬೆರಳು ಜೋಮು: ಮೊದಲು ಯಾವ ಡಾಕ್ಟರ ಹತ್ತಿರ ಹೋಗಬೇಕು?

ಪ್ರಶ್ನೆ: ನನಗೆ 54 ವರ್ಷ. ಮೂಡಿಗೆರೆ ಹತ್ತಿರ ಸ್ವಲ್ಪ ಕಾಫಿ, ಮೆಣಸು ಇದೆ. ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾಯಿತು, ಮೆಟ್‌ಫಾರ್ಮಿನ್ ಮಾತ್ರೆ ತಪ್ಪಿಸಿಲ್ಲ. ಒಂದೂವರೆ ವರ್ಷದಿಂದ ರಾತ್ರಿ ಮಲಗಿದರೆ ಎರಡೂ ಅಂಗಾಲು ಉರಿಯುತ್ತದೆ, ಬೆರಳುಗಳು ಜೋಮು ಹಿಡಿಯುತ್ತವೆ. ಇತ್ತೀಚೆಗೆ ಚಪ್ಪಲಿ ಕಾಲಿನಿಂದ ಜಾರಿದರೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಬಲ ಹಿಮ್ಮಡಿ ಬೇರೆ ಚುಚ್ಚುತ್ತದೆ. ಮೂಳೆ ಡಾಕ್ಟರು ಸೊಂಟದ ಎಂಆರ್‌ಐ ಮಾಡಿಸಿ ಡಿಸ್ಕ್ ಉಬ್ಬಿದೆ ಎಂದು ಬೆಲ್ಟ್ ಕೊಟ್ಟರು. ಕಲ್ಯಾಣ ಮಂಟಪದಲ್ಲಿ ನಡೆದ, ಯಂತ್ರದ ಮೇಲೆ ಕಾಲಿಟ್ಟು ಅದುರಿಸುವ ಫೂಟ್ ಪಲ್ಸ್ ಶಿಬಿರಕ್ಕೂ ಹೋಗಿ ಬಂದೆ. ಮೆಡಿಕಲ್ ಶಾಪಿನಲ್ಲಿ ಕೊಟ್ಟ ನರದ ಮಾತ್ರೆ ನುಂಗುತ್ತಿದ್ದೇನೆ. ಅಣ್ಣ ನಿಮ್ಹಾನ್ಸ್‌ಗೆ ಹೋಗೋಣ ಎನ್ನುತ್ತಾನೆ, ಮನೆಯವಳು ನಾಟಿ ಔಷಧಿ ಮಾಡಿಸೋಣ ಎನ್ನುತ್ತಾಳೆ. ದೀಪಾವಳಿಗೆ ದೇವೀರಮ್ಮನ ಬೆಟ್ಟ ಬರಿಗಾಲಲ್ಲಿ ಹತ್ತುವ ಹರಕೆಯೂ ಇದೆ. ಏನು ಮಾಡಲಿ?

ಉತ್ತರ: ಮೊದಲು ಒಬ್ಬ ಎಂ.ಡಿ. ಫಿಜಿಷಿಯನ್ ಹತ್ತಿರ ಹೋಗಿ. ನಿಮ್ಹಾನ್ಸ್ ಈಗಲೇ ಬೇಡ, ಇನ್ನೊಂದು ಸ್ಕ್ಯಾನ್ ಅಂತೂ ಬೇಡವೇ ಬೇಡ. ಇಷ್ಟೆಲ್ಲ ಓಡಾಡಿದ್ದೀರಿ, ಆದರೆ ಯಾರಾದರೂ ನಿಮ್ಮ ಚಪ್ಪಲಿ ಬಿಡಿಸಿ ಪಾದವನ್ನು ಕೈಯಲ್ಲಿ ಹಿಡಿದು ನೋಡಿದರು ಎಂಬ ಮಾತು ಪತ್ರದಲ್ಲಿ ಎಲ್ಲೂ ಇಲ್ಲ. ಮೊದಲು ಆಗಬೇಕಾದ ಕೆಲಸ ಅದು.

ನಿಮಗಿರುವುದು ಒಂದೇ ತೊಂದರೆ ಅಲ್ಲ ಎಂದು ನನಗನ್ನಿಸುತ್ತದೆ. ರಾತ್ರಿಯ ಉರಿ, ಜೋಮು, ಚಪ್ಪಲಿ ಜಾರಿದ್ದು ತಿಳಿಯದಿರುವುದು ಇವು ಒಂದು ಗುಂಪು, ನರಕ್ಕೆ ಸೇರಿದ್ದು. ಬೆಳಗಿನ ಹಿಮ್ಮಡಿ ನೋವು ಬೇರೆಯೇ, ಅದಕ್ಕೂ ನರಕ್ಕೂ ಬಹುಶಃ ಸಂಬಂಧವಿಲ್ಲ. ಎರಡನ್ನೂ ಸೇರಿಸಿ 'ಕಾಲು ನೋವು' ಎಂದು ಡಾಕ್ಟರ ಮುಂದೆ ಹೇಳಿದರೆ, ಎದುರಿಗೆ ಕೂತವರು ಯಾವ ವಿಭಾಗದವರೋ ಆ ವಿಭಾಗದ ಕಾಯಿಲೆಯೇ ಅವರಿಗೆ ಮೊದಲು ಕಾಣುತ್ತದೆ. ಹಾಗಾಗಿ ಬೇರೆಬೇರೆಯಾಗಿ ಹೇಳಿ.

ನಮ್ಮ ದೇಹದ ಅತಿ ಉದ್ದದ ನರಗಳು ಸೊಂಟದಿಂದ ಹೊರಟು ಕಾಲ್ಬೆರಳ ತುದಿಯವರೆಗೆ ಹೋಗುತ್ತವೆ, ಹೆಚ್ಚುಕಡಿಮೆ ಒಂದು ಮೀಟರ್. ಅಷ್ಟು ದೂರದ ತುದಿಯನ್ನು ಸಾಕುವುದು ಬೆನ್ನುಹುರಿಯ ಪಕ್ಕದಲ್ಲಿರುವ ಜೀವಕೋಶ. ವರ್ಷಗಟ್ಟಲೆ ಸಕ್ಕರೆ ಏರುಪೇರಾದರೆ ನರಕ್ಕೂ ಅದಕ್ಕೆ ರಕ್ತ ಕೊಡುವ ಸಣ್ಣ ನಾಳಗಳಿಗೂ ಪೆಟ್ಟು ಬೀಳುತ್ತದೆ, ತೀರಾ ತುದಿ ಮೊದಲು ಸೊರಗುತ್ತದೆ. ಆದ್ದರಿಂದಲೇ ಇದು ಎರಡೂ ಪಾದದಲ್ಲಿ ಸಮಸಮವಾಗಿ, ಬೆರಳಿನಿಂದ ಶುರುವಾಗಿ, ಕಾಲುಚೀಲ ಹಾಕುವಷ್ಟು ಜಾಗದಲ್ಲಿ ಮೇಲಕ್ಕೆ ಏರುತ್ತದೆ. ಮೊಣಕಾಲ ಹತ್ತಿರ ಬರುವ ಹೊತ್ತಿಗೆ ಕೈಬೆರಳ ತುದಿಯಲ್ಲೂ ಜುಮ್ಮೆನ್ನಲು ಶುರುವಾಗುತ್ತದೆ. ರಾತ್ರಿ ಹೆಚ್ಚು, ಹೊದಿಕೆ ತಗುಲಿದರೂ ಕಿರಿಕಿರಿ, ಎದ್ದು ನಾಲ್ಕು ಹೆಜ್ಜೆ ಓಡಾಡಿದರೆ ಸ್ವಲ್ಪ ಹಾಯೆನಿಸುವುದು ಇದರ ಲಕ್ಷಣ.

ಡಿಸ್ಕ್ ಒತ್ತಿ ಬರುವ ನೋವಿನ ದಾರಿ ಹೀಗಿರುವುದಿಲ್ಲ. ಅದು ಸಾಮಾನ್ಯವಾಗಿ ಒಂದೇ ಕಾಲಿನಲ್ಲಿ, ಪೃಷ್ಠದಿಂದ ತೊಡೆ, ಮೀನಖಂಡ ಹಿಡಿದು ಹೆಬ್ಬೆರಳಿಗೋ ಕಿರುಬೆರಳಿಗೋ ಪಟ್ಟಿ ಎಳೆದಂತೆ ಇಳಿಯುತ್ತದೆ. ಕೆಮ್ಮಿದರೆ, ಬಗ್ಗಿ ಮೂಟೆ ಎತ್ತಿದರೆ ಜಾಸ್ತಿಯಾಗುತ್ತದೆ. ಎಂಆರ್‌ಐಯಲ್ಲಿ ಕಂಡ ಉಬ್ಬು ನಿಜವೇ ಇರಬಹುದು. ಆದರೆ 50 ದಾಟಿದವರಲ್ಲಿ ಬೆನ್ನು ನೋವೇ ಇಲ್ಲದವರನ್ನು ಹಿಡಿದು ಸ್ಕ್ಯಾನ್ ಮಾಡಿದರೂ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಇಂಥ ಉಬ್ಬು ಸಿಗುತ್ತದೆ. ಬೆಲ್ಟ್ ಕಟ್ಟಿಕೊಂಡು ಅಂಗಾಲಿನ ಉರಿ ಕಡಿಮೆಯಾಗಲಿ ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಆದರೆ ಸಕ್ಕರೆ ಕಾಯಿಲೆ ಇದೆ, ಕಾಲು ಉರಿಯುತ್ತದೆ, ಆದ್ದರಿಂದ ಸಕ್ಕರೆಯಿಂದಲೇ ಬಂದಿದೆ ಎಂದು ಫೈಲು ಮುಚ್ಚುವುದೂ ಸರಿಯಲ್ಲ. ಎಂಟು ವರ್ಷ ಮೆಟ್‌ಫಾರ್ಮಿನ್ ತಿಂದವರಲ್ಲಿ ಬಿ12 ವಿಟಮಿನ್ ಕಡಿಮೆಯಾಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. 'ನಾವು ವಾರಕ್ಕೊಮ್ಮೆ ಕೋಳಿ ತಿನ್ನೋರು ಸಾರ್, ನಮಗೇಕೆ ಬಿ12 ಕಮ್ಮಿ ಆಗುತ್ತೆ' ಎಂದು ಮಲೆನಾಡಿನ ಕಡೆಯವರು ಕೇಳುತ್ತಾರೆ. ತಿಂದದ್ದು ಕರುಳಿನಲ್ಲಿ ಒಳಗೆ ಸೇರುವುದಕ್ಕೇ ಈ ಮಾತ್ರೆ ಅಡ್ಡ ಬರುತ್ತದೆ. ಗ್ಯಾಸ್ಟ್ರಿಕ್‌ಗೆಂದು ವರ್ಷಗಟ್ಟಲೆ ಬೆಳಿಗ್ಗೆ ಒಂದು ಮಾತ್ರೆ ನುಂಗುವವರಲ್ಲೂ ಹಾಗೆಯೇ. ಬಿ12 ಕೊರತೆ ಬೇಗ ತಿಳಿದರೆ ಇಂಜೆಕ್ಷನ್ ಅಥವಾ ಮಾತ್ರೆಯಿಂದ ಸರಿಹೋಗುತ್ತದೆ, ತಡವಾದರೆ ಬೆನ್ನುಹುರಿಗೇ ಹಾನಿ. ಹಾಗೆಂದು ಮೆಟ್‌ಫಾರ್ಮಿನ್ ಅನ್ನು ನೀವೇ ನಿಲ್ಲಿಸಬೇಡಿ.

ಇಲ್ಲಿ ಮೆಡಿಕಲ್ ಶಾಪಿನ ನರದ ಮಾತ್ರೆಯ ವಿಷಯ ಹೇಳಲೇಬೇಕು. ಅದರ ಸ್ಟ್ರಿಪ್ ತಿರುಗಿಸಿ ಓದಿ. ಮೀಥೈಲ್‌ಕೊಬಾಲಮಿನ್ ಎಂದರೆ ಬಿ12, ಅದರ ಜೊತೆಗೆ ಪಿರಿಡಾಕ್ಸಿನ್ ಎಂದೂ ಇರಬಹುದು, ಅದು ಬಿ6. ಬಿ6 ಹೆಚ್ಚು ಪ್ರಮಾಣದಲ್ಲಿ ಬಹಳ ಕಾಲ ದೇಹ ಸೇರಿದರೆ ಅದರಿಂದಲೇ ನರ ಹಾಳಾಗಿ ಕಾಲು ಜೋಮು ಹಿಡಿಯುತ್ತದೆ. ಒಬ್ಬರು ಕೊಟ್ಟದ್ದರ ಮೇಲೆ ಇನ್ನೊಬ್ಬರು ಕೊಟ್ಟದ್ದು ಸೇರಿ ಎರಡು ಮೂರು ಬಗೆಯ ಬಿ ಕಾಂಪ್ಲೆಕ್ಸ್ ಒಟ್ಟಿಗೆ ನುಂಗುವವರು ಇದ್ದಾರೆ. ಇನ್ನೊಂದು ತೊಡಕು: ಈ ಮಾತ್ರೆ ತಿನ್ನುತ್ತಿರುವಾಗ ರಕ್ತ ಪರೀಕ್ಷೆ ಮಾಡಿಸಿದರೆ ಬಿ12 ಅಂಕಿ ಚೆನ್ನಾಗಿಯೇ ಬರುತ್ತದೆ, ಹಳೆಯ ಕೊರತೆ ಮುಚ್ಚಿಹೋಗುತ್ತದೆ. ಏನು ತಿನ್ನುತ್ತಿದ್ದೀರಿ, ಎಷ್ಟು ದಿನದಿಂದ ಎಂಬುದನ್ನು ಡಾಕ್ಟರಿಗೆ ಮೊದಲೇ ಹೇಳಿ.

ಇನ್ನೂ ಕೆಲವು ಕಾರಣಗಳನ್ನು ಅವರು ಕೇಳುತ್ತಾರೆ, ಕೇಳಬೇಕು. ಸಂಜೆ ಗ್ಲಾಸು ಹಿಡಿಯುವ ಅಭ್ಯಾಸ ಇದ್ದರೆ ಮುಚ್ಚಿಡಬೇಡಿ. ಮದ್ಯವೇ ನೇರವಾಗಿ ಕಾಲಿನ ನರ ತಿನ್ನುತ್ತದೆ. ಥೈರಾಯ್ಡ್, ಮೂತ್ರಪಿಂಡದ ತೊಂದರೆಗಳೂ ಹೀಗೆ ಕಾಣಿಸಿಕೊಳ್ಳಬಹುದು. ತೋಟಕ್ಕೆ ಕ್ಲೋರ್‌ಪೈರಿಫಾಸ್‌ನಂಥ ಔಷಧಿ ಹೊಡೆಯುವಾಗ ಮೈಗೇರಿ ಆಸ್ಪತ್ರೆ ಸೇರಿದ್ದು ಉಂಟಾದರೆ ಅದನ್ನೂ ಹೇಳಿ, ಕೆಲವರಲ್ಲಿ ಒಂದೆರಡು ವಾರ ಕಳೆದ ಮೇಲೆ ಕಾಲಿನ ನರ ಸೋಲುತ್ತದೆ. ಮೈಮೇಲೆ ಎಲ್ಲಾದರೂ ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ ಮಚ್ಚೆ ಇದ್ದರೆ ಕುಷ್ಠರೋಗವನ್ನು ಪರೀಕ್ಷಿಸಲೇಬೇಕು. ಈ ಹೆಸರು ಕೇಳಿದರೆ ಜನ ಈಗಲೂ ಎದ್ದು ಹೋಗುತ್ತಾರೆ. ಅದು ಗುಣವಾಗುವ ಕಾಯಿಲೆ, ಮಾತ್ರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ, ಆರು ತಿಂಗಳಿಂದ ಒಂದು ವರ್ಷದ ಚಿಕಿತ್ಸೆ. ನಾಚಿಕೆಯಿಂದ ತಡಮಾಡಿದವರ ಬೆರಳುಗಳೇ ಮುರುಟಿಕೊಳ್ಳುವುದು.

ಪಾದ ಪರೀಕ್ಷೆ ಎಂದರೆ ದೊಡ್ಡ ಯಂತ್ರವೇನೂ ಬೇಕಿಲ್ಲ. ಮೋನೋಫಿಲಮೆಂಟ್ ಎಂಬ ನೈಲಾನ್ ಎಳೆಯನ್ನು ಅಂಗಾಲಿನ ಕೆಲವು ಜಾಗಗಳಲ್ಲಿ ಬಾಗುವವರೆಗೆ ಒತ್ತುತ್ತಾರೆ, ಆಗ ಬೀಳುವ ಭಾರ 10 ಗ್ರಾಂ. ಕಣ್ಣು ಮುಚ್ಚಿಕೊಂಡು ಎಲ್ಲಿ ಮುಟ್ಟಿದರು ಎಂದು ನೀವು ಹೇಳಬೇಕು. ಅಷ್ಟೂ ತಿಳಿಯದಿದ್ದರೆ ಪಾದದ ರಕ್ಷಣೆ ಹೋಗಿದೆ ಎಂದೇ ಲೆಕ್ಕ. 128 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ ಮೀಟಿ ಹೆಬ್ಬೆರಳ ಮೂಳೆಯ ಮೇಲಿಟ್ಟು ಕಂಪನ ಗೊತ್ತಾಗುತ್ತದೆಯೇ ನೋಡುತ್ತಾರೆ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟುತ್ತಾರೆ. ಪಾದದ ಮೇಲೆ ಮತ್ತು ಕಾಲಿನ ಒಳಬದಿಯ ಹರಡಿನ ಮೂಳೆಯ ಹಿಂದೆ ನಾಡಿ ಹಿಡಿದು ರಕ್ತ ಓಡುತ್ತಿದೆಯೇ ನೋಡುತ್ತಾರೆ. ಬೆರಳ ಸಂದಿ, ಉಗುರು, ಆಣಿ, ಒಡಕು ಎಲ್ಲ ನೋಡಿ ಮುಗಿಸಲು ಹತ್ತು ನಿಮಿಷ ಸಾಕು. ಡಾಕ್ಟರು ಚೀಟಿ ಬರೆಯಲು ಹೊರಟರೆ 'ಸಾರ್, ಕಾಲು ಒಂದ್ಸಲ ನೋಡಿಬಿಡಿ' ಎಂದು ಚಪ್ಪಲಿ ಬಿಟ್ಟು ಕಾಲು ಮುಂದೆ ಇಡಿ. ಯಾವ ಒಳ್ಳೆಯ ಡಾಕ್ಟರೂ ಬೇಸರ ಮಾಡಿಕೊಳ್ಳುವುದಿಲ್ಲ.

ರಕ್ತ ಪರೀಕ್ಷೆಗಳಲ್ಲಿ ಮೂರು ತಿಂಗಳ ಸಕ್ಕರೆ ತೋರಿಸುವ ಎಚ್‌ಬಿಎ1ಸಿ, ಬಿ12, ಥೈರಾಯ್ಡಿಗೆ ಟಿಎಸ್‌ಎಚ್, ಮೂತ್ರಪಿಂಡಕ್ಕೆ ಕ್ರಿಯಾಟಿನಿನ್, ಹಿಮೋಗ್ಲೋಬಿನ್ ಸೇರಿದ ಸಿಬಿಸಿ, ಜೊತೆಗೆ ಮೂತ್ರದಲ್ಲಿ ಅಲ್ಬುಮಿನ್ ಇಷ್ಟು ಮೊದಲ ಸುತ್ತಿಗೆ ಸಾಕು. ನರಗಳ ವೇಗ ಅಳೆಯುವ ಎನ್‌ಸಿಎಸ್ ಎಲ್ಲರಿಗೂ ಬೇಕಿಲ್ಲ. ಮಾಡಿಸಿ, ರಿಪೋರ್ಟ್ ನಾರ್ಮಲ್ ಬಂದರೂ ಉರಿ ಸುಳ್ಳಲ್ಲ. ಆ ಪರೀಕ್ಷೆ ದಪ್ಪ ನರಗಳನ್ನು ಮಾತ್ರ ಅಳೆಯುತ್ತದೆ, ಉರಿ ಹುಟ್ಟುವುದು ತೀರಾ ಸಣ್ಣ ನರಗಳಲ್ಲಿ.

ಎಲ್ಲಿ ಎಂದರೆ, ತಾಲ್ಲೂಕು ಆಸ್ಪತ್ರೆಯಲ್ಲೇ ಶುಗರ್, ಬಿಪಿ ನೋಡುವ ಎನ್‌ಸಿಡಿ ಕ್ಲಿನಿಕ್ ವಿಚಾರಿಸಿ. ಅಲ್ಲಿ ಆಗದಿದ್ದರೆ ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ, ಇಲ್ಲವೇ ಹಾಸನದ ಹಿಮ್ಸ್. ಎರಡೂ ಕಡೆ ಮೆಡಿಕಲ್ ಕಾಲೇಜು ಇರುವುದರಿಂದ ಫಿಜಿಷಿಯನ್, ಮೂಳೆ, ಚರ್ಮ, ಸರ್ಜರಿ ವಿಭಾಗಗಳು ಒಂದೇ ಆವರಣದಲ್ಲಿ ಸಿಗುತ್ತವೆ. ಹೋಗುವಾಗ ಹಳೆಯ ರಿಪೋರ್ಟುಗಳು, ಎಲ್ಲ ಮಾತ್ರೆಗಳ ಸ್ಟ್ರಿಪ್, ನಾಟಿ ಪುಡಿ ತಿಂದಿದ್ದರೆ ಅದರ ಪೊಟ್ಟಣ, ಮತ್ತು ದಿನಾ ತೋಟಕ್ಕೆ ಹಾಕುವ ಗಂಬೂಟು ಇವನ್ನು ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಗಂಬೂಟು ಎಂದರೆ ನಗಬೇಡಿ. ಅದರ ಒಳಗೆ ಕೈ ಹಾಕಿದರೆ ಅರ್ಧ ಕಾರಣ ಅಲ್ಲೇ ಸಿಗುವುದುಂಟು.

ಫಿಜಿಷಿಯನ್ ನೋಡಿದ ಮೇಲೆ ಮುಂದೆ ಯಾರು ಎಂಬುದನ್ನು ಕಾಲೇ ಹೇಳುತ್ತದೆ. ತೊಂದರೆ ಒಂದೇ ಕಡೆ ಹೆಚ್ಚಿದ್ದರೆ, ವಾರಗಳಲ್ಲಿ ಬೇಗ ಏರುತ್ತಿದ್ದರೆ, ಕಾಲಿನ ಬಲ ಕುಂದಿದ್ದರೆ, ಎಲ್ಲ ಪರೀಕ್ಷೆ ಸರಿಯಿದ್ದೂ ಉರಿ ನಿಲ್ಲದಿದ್ದರೆ ಆಗ ನ್ಯೂರಾಲಜಿಸ್ಟ್ ಬೇಕು. ನಿಮ್ಮ ಅಣ್ಣ ಹೇಳುವ ನಿಮ್ಹಾನ್ಸ್ ಆ ಹಂತಕ್ಕೆ ಸರಿ, ಇಲ್ಲಿಂದ ರೆಫರ್ ಚೀಟಿ ಮತ್ತು ರಿಪೋರ್ಟು ಹಿಡಿದು ಹೋದರೆ ಅಲ್ಲಿನ ಸಾಲಿನಲ್ಲಿ ಕಾಯುವುದಕ್ಕೂ ಒಂದು ಅರ್ಥ ಇರುತ್ತದೆ. ಇಷ್ಟು ದೂರ ನಡೆದರೆ ಮೀನಖಂಡ ಹಿಡಿದುಕೊಂಡು, ನಿಂತರೆ ಎರಡು ನಿಮಿಷಕ್ಕೆ ಬಿಡುತ್ತದೆ ಎಂದಾದರೆ ರಕ್ತನಾಳ ಕಟ್ಟಿರಬಹುದು, ವ್ಯಾಸ್ಕ್ಯುಲರ್ ಸರ್ಜನ್ ನೋಡಬೇಕು. ಬೀಡಿ ಸಿಗರೇಟು ಸೇದುವವರು ಇದನ್ನು ವಯಸ್ಸಿನ ಸುಸ್ತು ಎಂದುಕೊಳ್ಳಬಾರದು. ಅದೇ ನೋವು ನಿಂತರೆ ಬಿಡದೆ, ಕೂತರೆ ಅಥವಾ ಮುಂದಕ್ಕೆ ಬಗ್ಗಿದರೆ ಮಾತ್ರ ಬಿಟ್ಟರೆ ಸೊಂಟದ ನರನಾಳ ಕಿರಿದಾಗಿರಬಹುದು. ಅಲ್ಲಿ ಮೂಳೆ ಡಾಕ್ಟರ ಎಂಆರ್‌ಐಗೆ ಬೆಲೆ ಇದೆ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಕೂತು ಕಳೆ ಕಿತ್ತು, ಶುಂಠಿ ನೆಟ್ಟು ಎದ್ದಾಗ ಪಾದದ ಮುಂಭಾಗ ಮೇಲಕ್ಕೆ ಏಳದೆ ನೆಲಕ್ಕೆ ಉಜ್ಜುವುದು ಹಾಸನದ ಕಡೆ ಕೂಲಿಯವರಲ್ಲಿ ಕಾಣುವ ಇನ್ನೊಂದು ಸಂಗತಿ. ಮೊಣಕಾಲಿನ ಹೊರಬದಿಯಲ್ಲಿ ಚರ್ಮದ ಕೆಳಗೇ ಹಾದುಹೋಗುವ ನರ ಮಡಿಸಿದ ಕಾಲಲ್ಲಿ ನಜ್ಜುಗುಜ್ಜಾಗಿರುತ್ತದೆ. ಬಹಳಷ್ಟು ಜನರಲ್ಲಿ ವಾರ, ತಿಂಗಳುಗಳಲ್ಲಿ ಚೇತರಿಸುತ್ತದೆ, ಆದರೂ ತೋರಿಸಲೇಬೇಕು. ಪಾದದ ಗಾಯ ಆರದೆ ಉಳಿದವರಿಗೆ ಬೆಂಗಳೂರಿನ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್ ಎಂಬ ಸರ್ಕಾರಿ ಸಂಸ್ಥೆಯಲ್ಲಿ ಪಾದಕ್ಕೆಂದೇ ಬೇರೆ ವಿಭಾಗವಿದೆ.

ಕೆಲವು ಲಕ್ಷಣಗಳಿಗೆ ಮಾತ್ರ ಈ ಸಾಲು, ಸರದಿ ಯಾವುದೂ ಇಲ್ಲ, ಅದೇ ದಿನ 108 ಕರೆದು ದೊಡ್ಡ ಆಸ್ಪತ್ರೆಗೆ ಹೋಗಬೇಕು. ಎರಡೂ ಕಾಲಿನ ಬಲ ದಿನದಿಂದ ದಿನಕ್ಕೆ ಕುಸಿದು ಮೇಲಕ್ಕೆ ಏರುತ್ತಿದ್ದರೆ, ಕೂರುವ ಜಾಗ ಮರಗಟ್ಟಿ ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಒಂದು ಪಾದ ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ, ಗಾಯ ಕಪ್ಪಾಗಿ ವಾಸನೆ ಬಂದು ಜ್ವರ ಹತ್ತಿದರೆ. ಇವನ್ನು ಜನ ಹೇಗೋ ಗುರುತಿಸಿಬಿಡುತ್ತಾರೆ. ಎಲ್ಲರೂ ಎಡವುವುದು ಇನ್ನೊಂದರಲ್ಲಿ. ಸಕ್ಕರೆ ಕಾಯಿಲೆಯವರ ಒಂದು ಪಾದ ಬೆಚ್ಚಗಾಗಿ, ಕೆಂಪಗೆ ಊದಿಕೊಳ್ಳುತ್ತದೆ, ಗಾಯ ಇಲ್ಲ, ಅಂಥಾ ನೋವೂ ಇಲ್ಲ. ಉಳುಕಿರಬೇಕು ಎಂದು ಉಳುಕು ತೆಗೆಯುವವರ ಹತ್ತಿರ ಹೋಗಿ ತಿಕ್ಕಿಸಿಕೊಳ್ಳುತ್ತಾರೆ. ಅದು ಚಾರ್ಕೋ ಪಾದ ಎಂಬ ಸ್ಥಿತಿ ಇರಬಹುದು. ಸ್ಪರ್ಶ ಹೋದ ಪಾದದೊಳಗೆ ಮೂಳೆಗಳು ಸದ್ದಿಲ್ಲದೆ ಮುರಿದು ಜರುಗುತ್ತಿರುತ್ತವೆ, ಮೊದಲ ದಿನಗಳ ಎಕ್ಸ್‌ರೇಯಲ್ಲಿ ಏನೂ ಕಾಣದೆ ಇರಬಹುದು. ಆ ಕಾಲಿನ ಮೇಲೆ ಭಾರ ಹಾಕದೆ ಪ್ಲಾಸ್ಟರ್ ಹಾಕಿಸಿಕೊಳ್ಳುವುದೇ ಚಿಕಿತ್ಸೆ. ನಡೆದಷ್ಟೂ ಪಾದದ ಕಮಾನು ಕುಸಿಯುತ್ತದೆ.

ಉರಿಗೆ ಔಷಧಿ ಇದೆ. ಪ್ರೀಗ್ಯಾಬಲಿನ್, ಗ್ಯಾಬಪೆಂಟಿನ್, ಡ್ಯುಲೋಕ್ಸೆಟಿನ್, ಅಮಿಟ್ರಿಪ್ಟಿಲಿನ್ ಇವುಗಳಲ್ಲಿ ಒಂದನ್ನು ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ. ಮೂತ್ರಪಿಂಡ, ಪ್ರೊಸ್ಟೇಟ್, ಕಣ್ಣಿನ ಒತ್ತಡ, ಹೃದಯ ನೋಡಿ ಆಯ್ಕೆ ಮಾಡಬೇಕಾದ್ದರಿಂದ ಪಕ್ಕದ ಮನೆಯವರ ಚೀಟಿ ನಿಮಗೆ ಆಗುವುದಿಲ್ಲ. ಮೊದಲ ವಾರ ತೂಕಡಿಕೆ, ತಲೆ ತಿರುಗು ಬರಬಹುದು, ಜೀಪು ಓಡಿಸುವವರು ಜಾಗ್ರತೆ. ಪರಿಣಾಮ ಕಾಣಲು ಕೆಲವು ವಾರ ಹಿಡಿಯುತ್ತದೆ, ನೋವು ಅರ್ಧಕ್ಕೆ ಇಳಿದರೂ ಗೆದ್ದಂತೆಯೇ. ಈ ಪಟ್ಟಿಯಲ್ಲಿ ಎರಡು ಖಿನ್ನತೆಗೂ ಕೊಡುವ ಮಾತ್ರೆಗಳು. ಮಗ ಮೊಬೈಲಿನಲ್ಲಿ ಹೆಸರು ಹುಡುಕಿ 'ಅಪ್ಪನಿಗೆ ಮಾನಸಿಕ ಕಾಯಿಲೆಯ ಮಾತ್ರೆ ಕೊಟ್ಟಿದ್ದಾರೆ' ಎಂದು ನಿಲ್ಲಿಸಿಬಿಡುವುದು ನಡೆಯುತ್ತಲೇ ಇರುತ್ತದೆ. ನೋವಿನ ಸಂದೇಶ ಮಿದುಳಿಗೆ ಏರುವ ದಾರಿಯಲ್ಲಿ ಅವು ಬೇರೆಯಾಗಿಯೇ ಕೆಲಸ ಮಾಡುತ್ತವೆ. ಒಮ್ಮೆಲೇ ನಿಲ್ಲಿಸಬೇಡಿ. ಈ ಮಾತ್ರೆಗಳು ನರವನ್ನು ರಿಪೇರಿ ಮಾಡುವುದಿಲ್ಲ, ಅದಕ್ಕೆ ಸಕ್ಕರೆ ಮತ್ತು ಬಿ12 ಸರಿಹೋಗಬೇಕು. ಡೈಕ್ಲೋಫೆನಾಕ್‌ನಂಥ ಮಾಮೂಲಿ ನೋವಿನ ಮಾತ್ರೆ ಈ ಉರಿಗೆ ಹತ್ತುವುದಿಲ್ಲ, ಮೂತ್ರಪಿಂಡಕ್ಕೆ ಮಾತ್ರ ಹತ್ತುತ್ತದೆ. ಒಂದು ವಿಚಿತ್ರವನ್ನೂ ಹೇಳಿಬಿಡುತ್ತೇನೆ: ಬಹಳ ಏರಿದ್ದ ಸಕ್ಕರೆಯನ್ನು ಎರಡು ಮೂರು ತಿಂಗಳಲ್ಲಿ ದಬ್ಬಿ ಇಳಿಸಿದರೆ ಕೆಲವರಲ್ಲಿ ಉರಿ ಹೆಚ್ಚಾಗುತ್ತದೆ. ಇಳಿಸಬೇಕು, ಹಂತಹಂತವಾಗಿ.

ಫೂಟ್ ಪಲ್ಸ್ ಶಿಬಿರಕ್ಕೆ ಹೋಗಿದ್ದಾಗಿ ಬರೆದಿದ್ದೀರಿ. ಅರ್ಧ ಗಂಟೆ ಅದುರಿಸಿದರೆ ಕಾಲು ಹಗುರವೆನಿಸುತ್ತದೆ, ಜೊತೆಗೆ ನಾಲ್ಕು ಜನರೊಡನೆ ಕೂತು ಮಾತಾಡಿದ ಸಮಾಧಾನವೂ ಇದೆ, ನಾನು ಅದನ್ನು ಅಲ್ಲಗಳೆಯುವುದಿಲ್ಲ. ಬಿ12 ಕೊರತೆಯನ್ನಾಗಲೀ ಕಟ್ಟಿದ ರಕ್ತನಾಳವನ್ನಾಗಲೀ ಅದು ಸರಿಮಾಡದು. ಕೊನೆಯ ದಿನ ಯಂತ್ರ ಕೊಳ್ಳಿ ಎನ್ನುತ್ತಾರಲ್ಲ, ಆ ದುಡ್ಡಿನಲ್ಲಿ ಮೇಲೆ ಹೇಳಿದ ಪರೀಕ್ಷೆಗಳು ಹಲವು ಸಲ ಆಗುತ್ತವೆ. ಪೇಸ್‌ಮೇಕರ್ ಇರುವವರು ವಿದ್ಯುತ್ ಹಾಯಿಸುವ ಯಂತ್ರದ ಮೇಲೆ ಕಾಲಿಡಲೇಬಾರದು. ನಾಟಿ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿದ್ದರೆ ಎರಡೇ ದಿನಕ್ಕೆ ನೋವು ಮಾಯವಾಗಿ ಸಕ್ಕರೆ ಮಾತ್ರ ಕೈಮೀರುತ್ತದೆ, ಹಾಗಾಗಿ ಹೆಸರು, ಲೇಬಲ್ ಇಲ್ಲದ ಪೊಟ್ಟಣ ಬೇಡ. ಮನೆಯವರಿಗೆ ಆಯುರ್ವೇದದ ಮೇಲೆ ನಂಬಿಕೆ ಇದ್ದರೆ ಓದಿದ ವೈದ್ಯರ ಹತ್ತಿರವೇ ಹೋಗಿ, ಹಾಸನದ ತಣ್ಣೀರುಹಳ್ಳದಲ್ಲಿ ಎಸ್‌ಡಿಎಂ ಆಯುರ್ವೇದ ಕಾಲೇಜಿನ ಆಸ್ಪತ್ರೆಯೇ ಇದೆ. ಪಾದಕ್ಕೆ ಸ್ಪರ್ಶ ಕಡಿಮೆ ಎಂದು ಮೊದಲೇ ಹೇಳಿ, ಬಿಸಿ ಶಾಖ ಕೊಡುವಾಗ ಅವರು ಎಚ್ಚರ ವಹಿಸಬೇಕಾಗುತ್ತದೆ.

ಚಪ್ಪಲಿ ಜಾರಿದ್ದು ತಿಳಿಯುವುದಿಲ್ಲ ಎಂದು ಒಂದು ಸಾಲಿನಲ್ಲಿ ಬರೆದಿದ್ದೀರಿ. ನನಗೆ ಉರಿಗಿಂತ ಅದೇ ಹೆಚ್ಚು ಆತಂಕ ತರುವ ಸಾಲು. ಅಂಥ ಪಾದಕ್ಕೆ ಗಂಬೂಟಿನೊಳಗೆ ಸೇರಿದ ಕಾಫಿ ಕಡ್ಡಿಯೂ ತಿಳಿಯುವುದಿಲ್ಲ, ಬಚ್ಚಲ ಒಲೆಯ ಮುಂದೆ ಚಾಚಿದ ಬೆರಳು ಬೊಬ್ಬೆ ಎದ್ದದ್ದೂ ತಿಳಿಯುವುದಿಲ್ಲ. ಬೂಟು ಹಾಕುವ ಮುನ್ನ ಕವುಚಿ ಬಡಿದು, ಒಳಗೆ ಕೈಯಾಡಿಸಿ. ಒದ್ದೆ ಕಾಲುಚೀಲವನ್ನು ಮಧ್ಯಾಹ್ನ ಬದಲಿಸಿ, ಬೆರಳ ಸಂದಿ ಒರೆಸಿ. ಇಂಬಳ ಕಚ್ಚಿದ ಜಾಗವನ್ನು ಕೆರೆಯದೆ ಸೋಪು ನೀರಿನಲ್ಲಿ ತೊಳೆಯಿರಿ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಿ, ಕಾಲಿನಿಂದಲ್ಲ. ರಾತ್ರಿ ಮಲಗುವ ಮುಂಚೆ ಅಂಗಾಲನ್ನು ಮನೆಯವರಿಗೆ ತೋರಿಸಿ, ಇಲ್ಲವೇ ಕನ್ನಡಿ ನೆಲದ ಮೇಲಿಟ್ಟು ನೀವೇ ನೋಡಿಕೊಳ್ಳಿ. ಆಣಿಯನ್ನು ಬ್ಲೇಡಿನಿಂದ ಕೆತ್ತಬೇಡಿ, ಅಂಗಡಿಯ ಆಣಿ ಪಟ್ಟಿಯಲ್ಲಿರುವ ಆಸಿಡ್ ಕೂಡ ಬೇಡ.

ಹರಕೆಯ ವಿಷಯ. ದೇವೀರಮ್ಮನ ಬೆಟ್ಟ ವರ್ಷಕ್ಕೊಮ್ಮೆ ನರಕ ಚತುರ್ದಶಿಗೆ ಹತ್ತುವುದು, ಕತ್ತಲಲ್ಲೇ ಹೊರಡುವವರು ಬಹಳ. ಮಳೆ ಬಿಟ್ಟೂ ಬಿಡದ ಹೊತ್ತು, ದಾರಿಯುದ್ದ ಕಲ್ಲು, ಕೆಸರು, ಮುಳ್ಳು. ಮೋನೋಫಿಲಮೆಂಟ್ ಪರೀಕ್ಷೆಯಲ್ಲಿ ಸ್ಪರ್ಶ ಹೋಗಿದೆ ಎಂದು ಬಂದರೆ ನೀವು ಬರಿಗಾಲಲ್ಲಿ ಹತ್ತಬಾರದು. ಬಿಂಡಿಗದಲ್ಲಿ ಕೆಳಗಿನ ದೇವಸ್ಥಾನದಲ್ಲೇ ಪೂಜೆ ಮಾಡಿಸಿ, ಸೌದೆ, ತುಪ್ಪವನ್ನು ಮನೆಯ ಇನ್ನೊಬ್ಬರ ಕೈಲಿ ಮೇಲೆ ಕಳಿಸಿ. ಬೇಸಿಗೆಯಲ್ಲಿ ಶ್ರವಣಬೆಳಗೊಳಕ್ಕೆ ಹೋಗುವವರಿಗೂ ಇದೇ ಮಾತು. ಮಧ್ಯಾಹ್ನದ ವಿಂಧ್ಯಗಿರಿಯ ಬಂಡೆ ಉಳಿದವರನ್ನು ಕುಣಿಸುತ್ತದೆ, ಸ್ಪರ್ಶ ಇಲ್ಲದವರು ಆರಾಮಾಗಿ ನಡೆದು ಬಂದು ಸಂಜೆ ಅಂಗಾಲಿನ ಚರ್ಮ ಸುಲಿದದ್ದನ್ನು ನೋಡುತ್ತಾರೆ. ಹೋಗಲೇಬೇಕೆಂದರೆ ದಪ್ಪ ಕಾಲುಚೀಲ ಹಾಕಿ ಬೆಳಗಿನ ತಂಪಿನಲ್ಲೇ ಹತ್ತಿ ಇಳಿದುಬಿಡಿ.

ಇನ್ನು ಬಲ ಹಿಮ್ಮಡಿ. ಮೊದಲ ಹೆಜ್ಜೆಗೆ ಚುಚ್ಚಿ, ನಾಲ್ಕು ಹೆಜ್ಜೆ ನಡೆದ ಮೇಲೆ ಸಡಿಲವಾಗುವ ನೋವು ಬಹುತೇಕ ಅಂಗಾಲಿನ ಪಟ್ಟೆ ಊದಿಕೊಂಡದ್ದು, ಪ್ಲಾಂಟರ್ ಫೇಶಿಯೈಟಿಸ್ ಎನ್ನುತ್ತಾರೆ. ಎಕ್ಸ್‌ರೇಯಲ್ಲಿ ಹಿಮ್ಮಡಿ ಮೂಳೆ ಮುಳ್ಳಿನಂತೆ ಬೆಳೆದಿದೆ ಎಂದು ಬಂದರೆ ಗಾಬರಿ ಬೇಡ, ನೋವಿಲ್ಲದ ಬಹಳ ಜನರಲ್ಲೂ ಅದು ಇರುತ್ತದೆ. ಹಾಸಿಗೆಯಿಂದ ಇಳಿಯುವ ಮುಂಚೆಯೇ ಬೆರಳುಗಳನ್ನು ಕೈಯಿಂದ ನಿಮ್ಮ ಕಡೆಗೆ ಎಳೆದು ಹಿಡಿಯಿರಿ, ಗೋಡೆಗೆ ಕೈಕೊಟ್ಟು ನಿಂತು ಮೀನಖಂಡ ಹಿಗ್ಗಿಸಿ. ಸವೆದು ತೆಳ್ಳಗಾದ ಹವಾಯಿ ಚಪ್ಪಲಿ ಎಸೆದು, ಹಿಮ್ಮಡಿಗೆ ಮೆತ್ತೆ ಇರುವ, ಹಿಂದೆ ಪಟ್ಟಿ ಇರುವ ಚಪ್ಪಲಿಯನ್ನು ಮನೆಯೊಳಗೂ ಹಾಕಿ. ಜಾರುವ ತೊಂದರೆಗೂ ಅದೇ ಪರಿಹಾರ. ಇದು ಗುಣವಾಗಲು ತಿಂಗಳುಗಳೇ ಹಿಡಿಯುತ್ತವೆ, ಹೆಚ್ಚಿನವರಲ್ಲಿ ಒಂದು ವರ್ಷದೊಳಗೆ ಆಪರೇಷನ್ ಇಲ್ಲದೆ ಹೋಗುತ್ತದೆ. ಯಾರಾದರೂ ಮೊದಲ ದಿನವೇ ಹಿಮ್ಮಡಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಹಾಕೋಣ ಎಂದರೆ ಸಕ್ಕರೆ ಕಾಯಿಲೆ ಇದೆ, ಪಾದಕ್ಕೆ ಸ್ಪರ್ಶ ಕಡಿಮೆ ಎಂದು ಹೇಳಿ, ಎಚ್‌ಬಿಎ1ಸಿ ರಿಪೋರ್ಟ್ ಬರುವವರೆಗೆ ತಡೆಯಿರಿ.